ಇಬ್ಬರಿಗೂ ಹಚ್ಚಿದ ವಿಭೂತಿ

ಡರ್ಬಿ,
೨೨ ಮಾರ್ಚ್ ೨೦೨೫

ಪ್ರೀತಿಯ ರಾಜೂ,

ನಿನ್ನ ಅವ್ವನ ತುಂಬು ಆಶೀರ್ವಾದ. ಹೇಗಿದ್ದೀಯಪ್ಪ? ಸಿಂಗಾಪುರದ ಸೆಕೆಗೆ ಎದ್ದಿದ್ದ ಬೆವರುಗುಳ್ಳೆ ಕಡಿಮೆಯಾಯಿತೇ? ಮೂರು ಹೊತ್ತೂ ಹೋಟೆಲಿನದನ್ನೇ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ, ಸೊಂಟ ಮಾತ್ರ ಆಗಾಗ ಹಿಡಿದುಕೊಳ್ಳುತ್ತದೆ. ನಿಮ್ಮ ಕಾರ್ಖಾನೆಯ ಚಿದಾನಂದ ಅಲ್ಲಿಗೇ ಹೊರಟಿದ್ದಾನೆ, ಅವನ ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಜೊತೆ ಈ ಪತ್ರ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಎರಡು ಸಲ ಹೂಂಗುಟ್ಟಿ, ‘ಮೀಟಿಂಗ್ ಐತಿ ಅವ್ವಾ’ ಎಂದು ಇಟ್ಟುಬಿಡುತ್ತೀಯ. ಪತ್ರವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ವಿಷಯ ನಿನ್ನ ಮಗಳದು. ಪ್ರತೀಕ್ಷಾ ಕಾಲೇಜಿನ ಚುನಾವಣೆ ಗೆದ್ದಳು ಎಂದಾಗ ನೀನು ಅಂದ ಮಾತು ನನಗೆ ಬಾಯಿಪಾಠವಾಗಿದೆ. ‘ಜನವರಿ ಪರೀಕ್ಷಾದಾಗ ಸೊನ್ನೆ ತಗೊಂಡಾಕಿ ಈಗ ಪುಢಾರಿ ಆಗ್ತಾಳಂತ? ಮೊದಲ ಓದು ಮುಗಸಂತ ಹೇಳವ್ವಾ.’ ನಾನು ಸ್ಪೀಕರ್ ಹಾಕಿದ್ದೆ ಮಹರಾಯ, ಅವಳು ಅಡುಗೆಮನೆಯಲ್ಲೇ ಇದ್ದಳು. ತೊಳೆಯುತ್ತಿದ್ದ ತಟ್ಟೆ ಒರೆಸಿಟ್ಟು ಮೇಲೆ ಹೋದಳು. ನನಗೆ ನಿನ್ನ ಕಿವಿ ಹಿಂಡಬೇಕೆನಿಸಿತು, ಅಷ್ಟು ದೂರ ಕೈ ಎಟುಕುವುದಿಲ್ಲ.

ಅವಳಿಗೆ ಸಿಕ್ಕಿರುವುದು ದೊಡ್ಡ ಗಾದಿಯೇನಲ್ಲ. ಮನೆಯಲ್ಲಿ ಮುದುಕರನ್ನೋ ಕಾಯಿಲೆಯವರನ್ನೋ ನೋಡಿಕೊಳ್ಳುತ್ತ, ದಿನಾ ಬಸ್ಸು ರೈಲು ಹಿಡಿದು ಓದಲು ಬರುವ ಮಕ್ಕಳ ಪರವಾಗಿ ಸ್ಟೂಡೆಂಟ್ ಯೂನಿಯನ್ನಿನಲ್ಲಿ ಮಾತಾಡುವ ಕೆಲಸ. ಅಂಥವರು ಬಹಳ ಜನ ಇದ್ದಾರೆ, ಆದರೆ ಯೂನಿಯನ್ನಿನ ಸಭೆಗಳೆಲ್ಲ ಸಂಜೆ ಆರರ ಮೇಲೆ, ಅದೂ ಬಾರಿನಲ್ಲಿ. ಅಷ್ಟು ಹೊತ್ತಿಗೆ ಇವರೆಲ್ಲ ಮನೆಯ ದಾರಿ ಹಿಡಿದಿರುತ್ತಾರೆ. ಹೀಗಾಗಿ ಅವರ ಕಷ್ಟ ಯಾವ ಸಭೆಯಲ್ಲೂ ಬರುವುದೇ ಇಲ್ಲ.

ಈಗ ನನ್ನ ಪ್ರತಾಪ ಕೇಳು. ಅಭ್ಯರ್ಥಿಗಳು ವೇದಿಕೆಯಲ್ಲಿ ಮಾತಾಡುವ ದಿನ ನಾನೂ ಹಟ ಮಾಡಿ ಅವಳ ಜೊತೆ ಕಾಲೇಜಿರುವ ಬರ್ಮಿಂಗ್‌ಹ್ಯಾಮಿಗೆ ಹೋಗಿದ್ದೆ. ಅವಳ ಎದುರಾಳಿ ಒಬ್ಬನೇ, ವಾಲ್ಸಾಲ್‌ನ ಹುಡುಗ ಕೀರನ್. ವೇದಿಕೆ ಹತ್ತುವ ಮುಂಚೆ ಇವಳು ಯಾವಾಗಿನಂತೆ ನನ್ನ ಕಾಲು ಮುಟ್ಟಿದಳು. ನಾನು ಚೀಲದಿಂದ ವಿಭೂತಿ ತೆಗೆದು ಹಣೆಗೆ ಹಚ್ಚಿ ‘ಗೆದ್ದ ಬಾ’ ಎಂದೆ. ಹಿಂದೆ ನಿಂತಿದ್ದ ಆ ಹುಡುಗ ಇದೂ ಕಾರ್ಯಕ್ರಮದಲ್ಲಿ ಸೇರಿದ್ದು ಎಂದುಕೊಂಡನೋ ಏನೋ, ಈ ದೇಶದವರಿಗೆ ಸಾಲು ಕಂಡರೆ ನಿಲ್ಲುವ ಚಟವಲ್ಲವೇ, ಅವನೂ ಮುಂದೆ ಬಂದು ಬಗ್ಗಿದ. ಬಾಗಿದ ತಲೆಗೆ ಇಲ್ಲ ಎನ್ನಲು ನನಗೆ ಬರುತ್ತದೇನಪ್ಪ? ಅವನಿಗೂ ಮೂರು ಬೆರಳು ಎಳೆದೆ. ರೂಢಿಯ ಬಾಯಿ, ‘ಗೆದ್ದ ಬಾ ತಮ್ಮಾ’ ಎಂದೂ ಅಂದುಬಿಟ್ಟೆ! ನಿನ್ನ ಮಗಳು ತಿರುಗಿ ನೋಡಿದ ನೋಟ ನೀನು ನೋಡಬೇಕಿತ್ತು.

ಹುಡುಗ ಆ ವಿಭೂತಿಯಲ್ಲೇ ಮಾತಾಡಿದ. ಅವನ ತಾಯಿಗೆ ಎದ್ದು ನಡೆಯಲು ಆಗುವುದಿಲ್ಲವಂತೆ. ಬೆಳಿಗ್ಗೆ ಅವಳಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಆಮೇಲೆ ಇವನು ಕ್ಲಾಸಿಗೆ ಬರಬೇಕು. ನನಗೆ ಕಣ್ಣಲ್ಲಿ ನೀರು ಬಂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ವಾಪಸು ಬರುವಾಗ ರೈಲು ಟ್ಯಾಮ್‌ವರ್ತ್ ದಾಟಿದ ಮೇಲೆ ಪ್ರತೀಕ್ಷಾ ನನ್ನ ಕಡೆ ತಿರುಗಿದಳು. ‘ಅಜ್ಜಿ, ನೀನು ಯಾರ ಸೈಡ್?’ ಎಂದಳು. ನಾನು ಕಿಟಕಿಯ ಹೊರಗೆ ಕುರಿಗಳನ್ನು ನೋಡಿದೆ.

ಇವಳು ಸ್ವಲ್ಪದರಲ್ಲಿ ಗೆದ್ದಳು, ಅವನು ಸೋತ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ರಾತ್ರಿ ಊಟಕ್ಕೆ ಕೂತಾಗ ಆ ಹುಡುಗ ನೆನಪಾದ. ಹಣೆ ಮುಟ್ಟಿ ಹೇಳಿದ ಮಾತು ಒಬ್ಬನಿಗೆ ಸುಳ್ಳಾಯಿತಲ್ಲ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕವಳು ಮರುದಿನ ಹೋಗಿ ಕೀರನ್‌ನನ್ನೇ ಕರೆದು, ಇಬ್ಬರೂ ಸೇರಿ ಮಾಡೋಣವೇ ಎಂದು ಕೇಳಿದ್ದಾಳೆ! ಸಮಿತಿ ಒಪ್ಪಿದರೆ ಒಂದು ಹುದ್ದೆಯನ್ನು ಇಬ್ಬರು ಹಂಚಿಕೊಳ್ಳಬಹುದಂತೆ, ಹೋದ ವಾರ ಒಪ್ಪಿದರು. ಅವನು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಇವಳು, ಇವಳಿಗೆ ಲ್ಯಾಬ್ ಇರುವ ದಿನ ಅವನು. ಓದು ಹಾಳಾಗುತ್ತದೆ ಎಂಬ ನಿನ್ನ ಚಿಂತೆಗೂ ಇದೇ ಉತ್ತರವಾಯಿತು. ಆ ಸೊನ್ನೆಯ ಪರೀಕ್ಷೆಯನ್ನು ಆಗಸ್ಟಿನಲ್ಲಿ ಮತ್ತೆ ಬರೆಯುತ್ತಾಳೆ, ಈಗಲೇ ಓದಲು ಕೂತಿದ್ದಾಳೆ.

ಮೊನ್ನೆ ಇಬ್ಬರೂ ಸೇರಿ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಭೆ ಕರೆದರು. ಯಾರು ಬರುತ್ತಾರೋ ಎಂದುಕೊಂಡಿದ್ದರೆ ಕುರ್ಚಿ ಸಾಲದೆ ನೆಲದ ಮೇಲೆ ಕೂತರಂತೆ. ಲೆಸ್ಟರ್‌ನಿಂದ ಬರುವ ಒಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡೇ ಬಂದಿದ್ದಳು. ಇಷ್ಟೆಲ್ಲ ಹೇಳುವಾಗ ಪ್ರತೀಕ್ಷಾಳ ಮುಖ ಅವಳಮ್ಮ ಸೌಮ್ಯಾಳ ಮುಖವೇ ಆಗಿತ್ತು ಕಣೋ. ಸೌಮ್ಯಾ ಬದುಕಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ!

ಆದರೆ ಹುದ್ದೆ ಒಪ್ಪಿಕೊಂಡೆ ಎಂದು ಅವಳು ಈ ತಿಂಗಳ ಕೊನೆಯೊಳಗೆ ಹೇಳಬೇಕು. ಕೀರನ್ ಹೇಳಿ ಆಯಿತು, ಇವಳು ಹೇಳಿಲ್ಲ. ‘ಅಪ್ಪ ಹೂಂ ಅನ್ನಲಿ’ ಎನ್ನುತ್ತಾಳೆ. ತಾಯಿ ಹೋದಮೇಲೆ ನಿನ್ನನ್ನು ಕೇಳದೆ ಏನನ್ನೂ ಮಾಡಿದವಳಲ್ಲ. ಯೋಚಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಚಂದ್ರಪ್ರಭಾ

ತಾ.ಕ.: ಚಿದಾನಂದನ ಕಾರು ಬಾಗಿಲಿಗೆ ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಸೊನ್ನೆ ಓದದೆ ಬಂದದ್ದಲ್ಲ. ಪರೀಕ್ಷೆಯ ದಿನ ಬೆಳಿಗ್ಗೆ ನಾನು ಬಚ್ಚಲಲ್ಲಿ ಜಾರಿಬಿದ್ದೆ. ರೈಲಿಗೆ ಹೊರಟಿದ್ದವಳು ಆಂಬುಲೆನ್ಸ್ ಕರೆಸಿ, ಸಂಜೆಯವರೆಗೂ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದಳು. ಕಾರಣ ಬರೆದುಕೊಟ್ಟರೆ ಸೊನ್ನೆ ತಪ್ಪುತ್ತದೆ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಕಾಲೇಜಿನ ಗಡುವು ಮುಗಿದಿತ್ತು, ತಿಳಿಸುವವರು ಯಾರೂ ಇರಲಿಲ್ಲ. ಅದಕ್ಕೇ ಅವಳು ಚುನಾವಣೆಗೆ ನಿಂತದ್ದು. ‘ಅಪ್ಪಗೆ ಹೇಳಬೇಡ ಅಜ್ಜಿ, ಕೆಲಸ ಬಿಟ್ಟು ಬಂದುಬಿಡ್ತಾರೆ, ಪ್ರಾಮಿಸ್’ ಎಂದಿದ್ದಳು. ಹೂಂ ಎಂದಿದ್ದೆ, ಇವತ್ತು ಮಾತು ಮುರಿದೆ. ನನ್ನ ಸೊಂಟ ವಾಸಿಯಾಗುತ್ತಿದೆ, ನೀನು ಓಡಿ ಬರಬೇಡ. ಅವಳಿಗೆ ಫೋನ್ ಮಾಡು.