ಮೂರನೆಯ ಆಪ್ಷನ್

ಮಾರ್ಚ್ 3, ಸೋಮವಾರ

ಪ್ರಿಂಟರ್ ಮತ್ತೆ ನೀಲಿಯನ್ನು ನೇರಳೆ ಮಾಡಿತು. ಕಾರ್ಟ್ರಿಜ್ ತೆಗೆದು, ಹಾಕಿ, ಬೈದು, ತಟ್ಟಿ... ಕೊನೆಗೆ ತಾನಾಗಿಯೇ ಸರಿಹೋಯಿತು. ಹನ್ನೊಂದಕ್ಕೆ ಬಿಸ್ಕತ್ತು ಕಂಪನಿಯವರು ತಮ್ಮ ಹೆಸರಿನ ಡಿಸೈನ್ ನೋಡಲು ಬಂದರು. ಯಥಾಪ್ರಕಾರ ಮೇಜಿನ ಮೇಲೆ ಮೂರು ಆಪ್ಷನ್. ಒಂದನೆಯದು ನಾನು ಕೊಡಬೇಕೆಂದಿರುವುದು. ಎರಡನೆಯದು ಅದರ ತಂಗಿ. ಮೂರನೆಯದು ಬೇಡ ಅನ್ನಿಸಿಕೊಳ್ಳಲಿಕ್ಕೆ. ಹದಿನಾಲ್ಕು ವರ್ಷ ಸ್ಟುಡಿಯೋ ನಡೆಸಿ ಕಲಿತ ದೊಡ್ಡ ಪಾಠ ಇದೊಂದೇ — ಕ್ಲೈಂಟಿಗೆ ಯಾವುದನ್ನಾದರೂ ಬೇಡ ಅನ್ನಲು ಬಿಡಬೇಕು. ಆಮೇಲೆ ಉಳಿದದ್ದನ್ನು ತಾವೇ ಹುಡುಕಿದವರ ಹಾಗೆ ಒಪ್ಪಿಕೊಳ್ಳುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಇವತ್ತೂ ಮೂರನೆಯದು ಬೇಡ ಅಂದರು. ಮೂರನೆಯದು ಯಾವಾಗಲೂ ಚಿಕ್ಕಪ್ಪನ ಕೈಬರಹ. ಅದು ಬೇಡ ಅನ್ನಿಸಿಕೊಳ್ಳಲಿಕ್ಕೆ ಇಡುವುದು ಅಂತ ಅವರಿಗೆ ಗೊತ್ತಿಲ್ಲ.

ಮಧ್ಯಾಹ್ನ ಚಿಕ್ಕಪ್ಪ ಕೇಳಿದರು, ಏನಂದರು ಅಂತ. ತಲೆಕಟ್ಟು ಸ್ವಲ್ಪ ಉದ್ದವಾಯಿತಂತೆ ಅಂದೆ. ಬಾಯಿಗೆ ಬಂದದ್ದು. ಅವರು ಹೌದು ಹೌದು ಅಂತ ತಲೆಯಾಡಿಸಿ, ಮುಂದಿನ ಸಲ ಕಡಿಮೆ ಮಾಡುತ್ತೇನೆ ಅಂದರು.

ಮಾರ್ಚ್ 5

ಅಮ್ಮನ ಫೋನು. ಪಕ್ಕದಲ್ಲಿ ಯಾರೋ ಕೂತಿದ್ದರು, ಅವರಿಗೆ ಕೇಳಲಿ ಅಂತಲೇ ಹೇಳಿದಳು — ನನ್ನ ಮಗಳು ಚಿಕ್ಕಪ್ಪನ ಕೈ ಬಿಡಲಿಲ್ಲ. ಆರು ವರ್ಷದಿಂದ ಇದೇ ಹಾಡು. ಫ್ಲೆಕ್ಸ್ ಬಂದು ಬೋರ್ಡು ಬರೆಯುವವರನ್ನು ಯಾರೂ ಕೇಳದಂತಾದಾಗ ಅವರನ್ನು ಸ್ಟುಡಿಯೋಕ್ಕೆ ಕರೆತಂದೆ, ನಿಜ. ಕಿಟಕಿ ಪಕ್ಕದ ಮೇಜು ಕೊಟ್ಟೆ, ನಿಜ. ಏಳನೇ ವಯಸ್ಸಿನಲ್ಲಿ ನನ್ನ ಕೈಯಲ್ಲಿ ಬ್ರಶ್ ಹಿಡಿಸಿದವರೇ ಅವರು. ಹೊಗಳಿಸಿಕೊಂಡು ಸುಮ್ಮನಿದ್ದೆ. ಹೊಗಳಿಕೆ ಬೇಡ ಅನ್ನುವಷ್ಟು ದೊಡ್ಡವಳಲ್ಲ ನಾನು.

ಮಾರ್ಚ್ 10, ಸೋಮವಾರ

ಕೊಡೆ ಅಂಗಡಿಯ ಸೊಸೆ ಬಂದಿದ್ದರು. ಗೋಡೆ ಒಡೆದು ಹೊಸದಾಗಿ ಕಟ್ಟಿಸುತ್ತಿದ್ದಾರೆ. ಹಳೇ ಬೋರ್ಡು ಇಳಿಸುವಾಗ ಎರಡು ತುಂಡಾಯಿತಂತೆ. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಮೂರು ಆಪ್ಷನ್ ಕೊಡುತ್ತೇನೆ ಅಂತ ಶುರು ಮಾಡಿದೆ. "ಆಪ್ಷನ್ ಏನೂ ಬೇಡ. ನಮಗೆ ಈ ಕೈ ಬೇಕು" ಅಂದರು.

ನೋಡಿದ ತಕ್ಷಣ ಗೊತ್ತಾಯಿತು. ಚಿಕ್ಕಪ್ಪನದು, ಇಪ್ಪತ್ತೈದು ವರ್ಷ ಹಿಂದಿನದು. ಹೊಟ್ಟೆ ತುಂಬಿದ ಅಕ್ಷರಗಳು. ಕೊನೆಯ 'ಳು'ವಿನ ಕೊಂಬು ಬೋರ್ಡಿನಲ್ಲಿ ಜಾಗ ಸಾಲದೆ ಚೌಕಟ್ಟಿನ ಮೇಲೂ ಹತ್ತಿಬಿಟ್ಟಿದೆ. ಹೇಳಲು ಬಾಯಿ ತೆರೆದೆ, ಚಿಕ್ಕಪ್ಪ ಹಿಂದಿನಿಂದ ಕಣ್ಣಲ್ಲೇ ತಡೆದರು. ಆಕೆ ಹೋದಮೇಲೆ ಮಗುವಿನ ಹಾಗೆ ನಗುತ್ತಾ, "ಈಗ್ಲೇ ಹೇಳ್ಬೇಡ ಪುಟ್ಟಿ. ಬರೆದದ್ದು ನೋಡಿ ಅವರೇ ಗುರುತು ಹಿಡೀಲಿ" ಅಂದರು.

ಮೂರಕ್ಕೇ ಮನೆಗೆ ಹೋದರು, ಹಳೇ ಬ್ರಶ್ಶುಗಳನ್ನು ತೊಳೆಯಬೇಕಂತೆ.

ಮಾರ್ಚ್ 14

ನಾಲ್ಕು ದಿನ ಬರೆದರು. ಇವತ್ತು ಕರೆದು ತೋರಿಸಿದರು.

ಏನು ಹೇಳಲಿ... ನೀಟಾಗಿದೆ. ತಲೆಕಟ್ಟು ಮೋಟು. ಹೊಟ್ಟೆ ಒಳಗೆ ಎಳೆದುಕೊಂಡಿದೆ. ಕೊಂಬು ಮೇಷ್ಟರ ಮುಂದೆ ಕೈಕಟ್ಟಿ ನಿಂತ ಮಗುವಿನ ಹಾಗಿದೆ. ಇದಕ್ಕಿಂತ ಕಂಪ್ಯೂಟರಿನ ಫಾಂಟೇ ವಾಸಿ. ಫೋಟೋ ಪಕ್ಕಕ್ಕಿಟ್ಟು ಹಾಗೇ ಬರೆಯಿರಿ ಅಂದೆ. ಬರೆಯುತ್ತೇನೆ, ಆದರೆ ಅದರಲ್ಲಿ ಬಹಳ ತಪ್ಪುಗಳಿವೆಯಲ್ಲ ಅಂದರು. ಒಂದೊಂದಾಗಿ ತೋರಿಸಿದರು. ಹೊಟ್ಟೆ ದಪ್ಪ — ಟ್ರಾವೆಲ್ಸಿನವರು ಹೇಳಿದ್ದು. ಕೊಂಬು ಓಡುತ್ತದೆ — ಹಲ್ಲಿನ ಡಾಕ್ಟರು. ತಲೆಕಟ್ಟು ಉದ್ದ — ಮೊನ್ನೆಯ ಬಿಸ್ಕತ್ತು.

ಅವರ್ಯಾರೂ ಹಾಗೆ ಹೇಳಿರಲಿಲ್ಲ. ಎಲ್ಲ ನನ್ನ ಬಾಯಿಂದ ಬಂದದ್ದು, ಆ ಹೊತ್ತಿಗೆ ತೋಚಿದ್ದು. ಅವರು ಎಲ್ಲವನ್ನೂ ನಂಬಿ ತಿದ್ದಿಕೊಂಡಿದ್ದಾರೆ, ಆರು ವರ್ಷದಿಂದ. ಎದುರಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲು ನಾಚಿಕೆಯಾಯಿತು.

ಮಾರ್ಚ್ 15, ಶನಿವಾರ

ಕೊಡೆ ಅಂಗಡಿಯವರು ಬಂದರು. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಆಕೆ ಬಹಳ ಹೊತ್ತು ನೋಡಿದರು. ಪಾಪ, ಒಳ್ಳೆಯ ಹೆಂಗಸು, ನೋಯಿಸಬಾರದು ಅಂತ ಪದ ಹುಡುಕುತ್ತಿದ್ದರು.

"ಚೆನ್ನಾಗೇ ಇದೆ. ಆದ್ರೆ ನಮ್ಮ ಬೋರ್ಡ್ ಬರೆದೋರದ್ದಲ್ಲ ಇದು. ಅವರು ಈಗಿಲ್ವಾ?"

ಚಿಕ್ಕಪ್ಪನೇ ಹೇಳಿದರು.

"ಇದ್ದಾರಮ್ಮ. ಈಗ ಬರೆಯೋದಿಲ್ಲ."

ಆಮೇಲೆ ಅವರಿಗೆ ಕುರ್ಚಿ ಎಳೆದುಕೊಟ್ಟು, ಫ್ಯಾನು ಹಾಕಿ, ಕೆಳಗಿನ ತನಕ ಹೋಗಿ ಬೀಳ್ಕೊಟ್ಟು ಬಂದರು. ತಿಂಗಳ ಕೊನೆಯವರೆಗೆ ಟೈಮಿದೆ, ಇನ್ನೊಮ್ಮೆ ನೋಡಿ ಅಂತ ಆಕೆ ಹೇಳಿ ಹೋಗಿದ್ದಾರೆ.

ಮಾರ್ಚ್ 22

ಒಂದು ವಾರ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಚಿಕ್ಕಪ್ಪ ದಿನವೂ ಬರುತ್ತಾರೆ. ಬರೆಯುತ್ತಾರೆ, ಅಳಿಸುತ್ತಾರೆ. ನಮ್ಮಲ್ಲಿ ಕೆಲಸ ಮಾಡುವ ಇನ್ನೊಬ್ಬಳು, ಅವಳನ್ನು ಕಡ್ಡಿ ಅಂತಲೇ ಎಲ್ಲರೂ ಕರೆಯುವುದು, ಬೆಳಿಗ್ಗೆ ಮೆಲ್ಲಗೆ ಹೇಳಿದಳು — ಮೇಡಂ, ಅವರ ಕೈ ನಡುಗುತ್ತಿದೆ, ವಯಸ್ಸಾಯಿತು ಅನ್ನಿಸುತ್ತೆ. ಮೈಯೆಲ್ಲ ಉರಿಯಿತು. ವಯಸ್ಸಲ್ಲ ಕಣೇ, ನಾನು — ಅನ್ನಲಾಗದೆ, ಅವಳ ಫೈಲಿನಲ್ಲಿ ಇಲ್ಲದ ತಪ್ಪು ಹುಡುಕಿ ಬೈದೆ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ.

ಕೊನೆಗೆ ಮಧ್ಯಾಹ್ನ ಚಿಕ್ಕಪ್ಪನ ಎದುರು ಕೂತು ಹೇಳಿಬಿಟ್ಟೆ. ಕ್ಲೈಂಟುಗಳು ಯಾರೂ ಏನೂ ಅಂದಿರಲಿಲ್ಲ, ತಪ್ಪುಗಳನ್ನೆಲ್ಲ ಹೇಳಿದವಳು ನಾನೇ ಅಂತ. ಅವರು ಬಣ್ಣದ ಡಬ್ಬಿಯ ಮುಚ್ಚಳ ಹಾಕಿದರು.

"ಹೊಟ್ಟೆ ದಪ್ಪ ಅಂದಿದ್ದು?"

"ನಾನೇ."

"ಕೊಂಬು?"

"ಅದೂ ನಾನೇ, ಚಿಕ್ಕಪ್ಪ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರ ಮುಖ ಹಗುರವಾಯಿತು. "ಹಾಗಾದ್ರೆ ಸರಿ ಬಿಡು. ಬಿಸ್ಕತ್ತಿನೋರಿಗೆ ಅಕ್ಷರದ ಗಂಧ ಏನು ಗೊತ್ತು? ನಿನ್ನ ಕಣ್ಣು ನಾನು ತಯಾರು ಮಾಡಿದ್ದು. ನೀನು ನೋಡಿ ಹೇಳಿದ್ದು ಅಂದ್ರೆ ತಪ್ಪು ಇದ್ದೇ ಇರುತ್ತೆ."

ನೋಡಿ ಹೇಳಿದ್ದು ಅಂದರು. ಅಲ್ಲಿಂದ ಎದ್ದು ನನ್ನ ಮೇಜಿಗೆ ಬಂದೆ.

ಈ ಡೈರಿಯಲ್ಲೂ ಸುಳ್ಳು ಬರೆದಿದ್ದೇನೆ, ಮೂರನೇ ತಾರೀಖಿನಂದು. ಎರಡು ವರ್ಷದಿಂದ ಮೂರನೆಯ ಆಪ್ಷನ್ ಚಿಕ್ಕಪ್ಪನದಲ್ಲ. ಹೇಗೂ ಬೇಡ ಅನ್ನುವುದಕ್ಕೆ ತಾನೆ, ಸ್ಕ್ಯಾನ್ ಮಾಡುವ ರಗಳೆ ಯಾಕೆ ಅಂತ ಯಾವುದೋ ಫಾಂಟ್ ಎಳೆದು ಇಡುತ್ತೇನೆ. ಈ ಎರಡು ವರ್ಷದಲ್ಲಿ ಅವರು ಕೊಟ್ಟ ಕವರುಗಳು ಬೀರುವಿನ ಕೆಳಗಿನ ಖಾನೆಯಲ್ಲಿವೆ. ಒಂದನ್ನೂ ತೆರೆದು ನೋಡಿಲ್ಲ. ನೋಡದೆಯೇ ತಪ್ಪು ಹೇಳಿದೆ. ಅರ್ಧ ಸತ್ಯ ಹೇಳಿ ಕ್ಷಮೆ ಗಿಟ್ಟಿಸಿಕೊಂಡು ಬಂದಿದ್ದೇನೆ. ಥೂ.

ಮಾರ್ಚ್ 25

ಚಿಕ್ಕಪ್ಪನಿಗೆ ಹೊಸ ಹುರುಪು. ಆರು ವರ್ಷದ್ದನ್ನೂ ಸಾಲಾಗಿ ಹರಡಿ ನೋಡುತ್ತಾರಂತೆ, ಕೈ ಎಲ್ಲಿ ತಿರುಗಿತು ಅಂತ ಗೊತ್ತಾದರೆ ಅಲ್ಲಿಂದ ವಾಪಸ್ಸು ಬರಬಹುದಂತೆ. ಬೀರುವಿನ ಕೀಲಿ ಕೇಳಿದರು. ಮನೆಯಲ್ಲಿ ಮರೆತು ಬಂದಿದ್ದೇನೆ ಅಂದೆ. ಕೀಲಿ ಚೀಲದಲ್ಲೇ ಇತ್ತು. ನಾಳೆ ಬೇಗ ಬಂದು ಎಲ್ಲ ಕವರಿನ ಟೇಪು ಬಿಚ್ಚಿಟ್ಟುಬಿಡುವುದು ಅಂತ ಲೆಕ್ಕ ಹಾಕಿದೆ. ಇಲ್ಲ, ಮೊದಲು ಬಾಯಿಬಿಟ್ಟು ಹೇಳುವುದು. ಎರಡರಲ್ಲಿ ಒಂದು.

ಮಾರ್ಚ್ 26, ಬೆಳಿಗ್ಗೆ 10:40

ಎರಡೂ ಆಗಲಿಲ್ಲ. ಬರುವಾಗ ದಾರಿಯಲ್ಲಿ ಪ್ರೆಸ್ಸಿನವನು ಹಿಡಿದು ನಿಲ್ಲಿಸಿದ, ಅಚ್ಚಿನ ಪ್ಲೇಟಿನದೇನೋ ತಕರಾರು. ಅರ್ಧ ಗಂಟೆ ತಡ. ಕಡ್ಡಿಯ ಹತ್ತಿರ ಇನ್ನೊಂದು ಕೀಲಿ ಇತ್ತು, ಚಿಕ್ಕಪ್ಪ ಕೇಳಿದರಂತೆ, ಕೊಟ್ಟಳು. ಅವಳ ತಪ್ಪೇನಿದೆ.

ಚಿಕ್ಕಪ್ಪ ಬೀರುವಿನ ಮುಂದೆ ನೆಲದ ಮೇಲೆ ಕೂತಿದ್ದರು. ಬಿಚ್ಚಿದ ಹಳೆಯವು ಒಂದು ಕಡೆ, ಸುತ್ತ ಈ ಎರಡು ವರ್ಷದ ಕಂದು ಕವರುಗಳು. ಪ್ರತಿ ಕವರಿಗೂ ಅವರೇ ಮೂರು ಕಡೆ ಅಂಟಿಸಿದ ಟೇಪು, ಒಳಗೆ ಧೂಳು ಹೋಗಬಾರದು ಅಂತ. ಒಂದೊಂದೇ ಎತ್ತಿ ಹೆಬ್ಬೆರಳಿನಿಂದ ಟೇಪನ್ನು ಸವರಿ ನೋಡಿ ಕೆಳಗಿಡುತ್ತಿದ್ದರು. ನಾನು ಬಂದದ್ದು ಗೊತ್ತಾದರೂ ತಿರುಗಲಿಲ್ಲ. ಚಿಕ್ಕಪ್ಪಾ ಅಂದೆ.

ಅವರು ಎದ್ದು ನನ್ನ ಮೇಜಿನಿಂದ ಬ್ಲೇಡು ತೆಗೆದುಕೊಂಡು, ಬಿಚ್ಚದವುಗಳಲ್ಲಿ ಎಲ್ಲಕ್ಕಿಂತ ಹಳೆಯದರ ಟೇಪು ಕತ್ತರಿಸಿ, ಹಾಳೆಯನ್ನು ನನ್ನ ಮುಂದೆ ಇಟ್ಟರು.

"ಈಗ ನೋಡು. ನಿಧಾನಕ್ಕೆ ನೋಡು, ನಾನು ಕಾಯ್ತೀನಿ. ಇದರಲ್ಲಿ ಏನು ತಪ್ಪಿದೆ ಹೇಳು."

ದನಿಯಲ್ಲಿ ಸಿಟ್ಟಿರಲಿಲ್ಲ. ಬ್ರಶ್ ಹಿಡಿಯಲು ಕಲಿಸಿದಾಗಿನ ದನಿಯೇ. ನೋಡಿದೆ. ಯಾವುದೋ ಹಾಲಿನ ಡೈರಿಯ ಹೆಸರು. ಕೊಂಬು ಹಾಳೆಯ ಅಂಚಿನವರೆಗೂ ಓಡಿದೆ. ಕೊಡೆ ಅಂಗಡಿಯ ಬೋರ್ಡಿಗಿಂತ ಚೆನ್ನಾಗಿದೆ. ಆ ಹೊತ್ತಿಗೂ ಅವರ ಕೈಯಲ್ಲಿ ಎಲ್ಲವೂ ಇತ್ತು.

ಏನೂ ತಪ್ಪಿಲ್ಲ ಅಂದೆ. ಅವರು ಮುಂದಿನ ಕವರು ಎತ್ತಿಕೊಂಡರು. ನಾನು ಎದ್ದು ಈ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ, ನಲವತ್ತೈದು ವರ್ಷದ ಹೆಂಗಸು. ಆಚೆ ಟೇಪು ಕತ್ತರಿಸುವ ಸದ್ದು ಕೇಳುತ್ತಿದೆ. ಪುಟ್ಟಿ, ಬಾ, ಇನ್ನೂ ಇವೆ ಅಂತ ಕರೆಯುತ್ತಿದ್ದಾರೆ.

ಹೋಗಬೇಕು. ಪ್ರತಿಯೊಂದನ್ನೂ ನೋಡಬೇಕು. ಕೈ ಕೆಟ್ಟದ್ದು ಕಾಣುವ ಕವರು ಬಂದಾಗ, ಅವತ್ತು ನಾನು ನೋಡದೆಯೇ ಹೇಳಿದ ತಪ್ಪು ಯಾವುದು ಅಂತ ಅವರಿಗೆ ಹೇಳಬೇಕು.