ಎಡೆ ಇಡದ ಅಮಾವಾಸ್ಯೆ

೨೧ ಸೆಪ್ಟೆಂಬರ್ ೨೦೨೫, ರವಿವಾರ, ಮಾನ್ವಿ

ಮಗಳು ದುರ್ಗಾಳ ಮಾತು ಕಿವಿಯಿಂದ ಹೋಗುತ್ತಿಲ್ಲ. ಇಂದು ಹಿರಿಯರ ಅಮಾವಾಸ್ಯೆ, ಹೆಂಡತಿ ಹಣಮಮ್ಮ ತೀರಿಕೊಂಡ ಮೇಲೆ ಮೊದಲನೆಯದು. ಅವಳ ಫೋಟೋದ ಮುಂದೆ ಎಡೆ ಇಡಲು ನಾನು ಒಪ್ಪಲಿಲ್ಲ. ಕಾಲೇಜಿನಲ್ಲಿ ಕಲಿತ ಡೀಯಿಸಂ ಎಂಬ ವಾದವನ್ನು ಅವಳಿಗೆ ಹೇಳಿದೆ. ದೇವರು ಕಾಲುವೆಯ ಗೇಟು ಎತ್ತಿ ಹೋದವನು, ನೀರು ತನ್ನ ನಿಯಮದಂತೆ ಹರಿಯುತ್ತದೆ. ಯಾರ ಮೊರೆಯನ್ನೂ ಕೇಳುತ್ತ ಕೂತಿಲ್ಲ. ಪೂಜಾರಿ, ಮಠ ಎಲ್ಲ ನಡುವಿನ ದಲಾಲರು. ರೀಸನ್ ಈಸ್ ದಿ ಓನ್ಲಿ... ಮುಂದಿನ ಶಬ್ದ ನೆನಪಾಗಲಿಲ್ಲ.

“ಹೌದೇನ್ ಯಪ್ಪಾ? ಯಾರೂ ಕೇಳಂಗಿಲ್ಲಂದ್ರ, ದಿನಾ ಚಾ ಕಾಸುವಾಗ ಅವ್ವನ ಜೋಡಿ ಯಾಕ ಮಾತಾಡ್ತಿ?”

ಎಡೆಗೆಂದು ತಂದ ಹೋಳಿಗೆಯನ್ನು ಹಾಗೇ ಕಟ್ಟಿಕೊಂಡು ದೇವದುರ್ಗದ ಬಸ್ಸು ಹತ್ತಿದಳು.

ಸಂಜೆ ಚಹಾ ಮಾಡಿಕೊಳ್ಳಲಿಲ್ಲ. ಒಲೆ ಹಚ್ಚಿದರೆ ಬಾಯಿ ಸುಮ್ಮನಿರುವುದಿಲ್ಲ. ನಾನು ಹೇಳಿದ್ದು ಖರೇನೇ ಇದ್ದರೆ ಅಲ್ಲಿ ಕೇಳುವವರಿಲ್ಲ. ಹಣಮೀ, ನೀನೇ ಹೇಳು, ನಾನು...