ಕೆಂಚನಿಗೆ ಕಾಣುವಂಥ ಬೇಲಿ

ಸಾದಲಿ
ಭಾನುವಾರ, ೨೩–೨–೨೦೨೫

ಪ್ರೀತಿಯ ಮಾವನವರಿಗೆ ಸೌಜನ್ಯಳ ನಮಸ್ಕಾರ.

ಆಪರೇಷನ್ ಆದ ಕಣ್ಣು ಹೇಗಿದೆ ಮಾವ? ಕಪ್ಪು ಕನ್ನಡಕ ಹಾಕ್ಕೊಂಡು ಕೂತಿರೋ ಫೋಟೋ ತನುಜ ಕಳಿಸಿದ್ದಳು. ಅಪ್ಪ ಪಂಚಾಯ್ತಿ ಎಲೆಕ್ಷನ್‌ಗೆ ನಿಂತಂಗಿದ್ದಾರೆ ಅಂತ ನಿಮ್ಮ ಮಗ ನಕ್ಕಿದ್ದೇ ನಕ್ಕಿದ್ದು. ಡ್ರಾಪ್ಸ್ ಹೊತ್ತು ಹೊತ್ತಿಗೆ ಬಿಡಿಸ್ಕೊಳ್ತಿದ್ದೀರಿ ತಾನೆ? ಉರಿಯುತ್ತೆ ಅಂತ ತಪ್ಪಿಸ್ಕೊಂಡು ಟೆರೇಸ್ ಮೇಲೆ ಹೋಗಿ ಕೂತ್ಕೊಳ್ತೀರಂತೆ, ವರದಿ ಬಂದಿದೆ. ಬಗ್ಗಿ ಏನನ್ನೂ ಎತ್ತಬೇಡಿ. ತಲೆಗೆ ನೀರು ಹಾಕ್ಕೊಳ್ಳೋದು ಡಾಕ್ಟ್ರು ಹೇಳಿದ ಮೇಲೇನೆ. ಈ ಕಾಗದ ನೀವೇ ಓದ್ತಿದ್ದರೆ ಸಂತೋಷ. ತನುಜ ಓದಿ ಹೇಳ್ತಿದ್ದರೆ, ಅಮ್ಮಾ ತನುಜ, ಅಪ್ಪನಿಗೆ ಕೋಪ ಬರುತ್ತೆ ಅಂತ ಯಾವ ಸಾಲನ್ನೂ ನುಂಗಬೇಡ. ಕೋಪ ಬರೋ ಸಾಲುಗಳೇ ಇದರಲ್ಲಿ ಮುಖ್ಯ.

ಫೋನಿರೋವಾಗ ಕಾಗದ ಯಾಕೆ ಅಂತೀರಿ. ಫೋನಲ್ಲಿ ಹೇಳಿದರೆ ಅರ್ಧ ನಿಮಗೆ ಕೇಳಿಸಲ್ಲ, ಇನ್ನರ್ಧ ನೀವು ಕೇಳಿಸ್ಕೊಳ್ಳಲ್ಲ. ಆ ಕಡೆ ಮನೆ ಮಾತು ಎತ್ತಿದ ತಕ್ಷಣ "ಸರಿ ಇಡ್ತೀನಮ್ಮ, ಚಾರ್ಜ್ ಇಲ್ಲ" ಅಂತೀರಿ. ಕಾಗದಕ್ಕೆ ಚಾರ್ಜ್ ಬೇಕಿಲ್ಲ. ರೇಷ್ಮೆ ಹುಳು ಮೂರನೇ ಜ್ವರ ಎದ್ದು, ಪೊರೆ ಬಿಟ್ಟು, ಚೆನ್ನಾಗಿ ಮೇಯ್ತಿವೆ, ಈಗ ತಾನೆ ಸೊಪ್ಪು ಹಾಕಿ ಬಂದು ಕೂತಿದ್ದೀನಿ. ಸೊಪ್ಪು ತಿನ್ನೋ ಸದ್ದು ಇಲ್ಲಿಗೇ ಕೇಳಿಸ್ತಿದೆ.

ವಿಷಯ ನಿಮ್ಮ ಮುದ್ದಿನ ನಾಯಿ ಕೆಂಚನದು. ಗಾಬರಿ ಬೀಳಬೇಡಿ, ಬದುಕಿದ್ದಾನೆ, ಹೊಟ್ಟೆ ತುಂಬ ತಿಂತಿದ್ದಾನೆ. ಆದರೆ ನಮ್ಮ ಮನೇಲಿಲ್ಲ. ಎಲ್ಲಿದ್ದಾನೆ ಅನ್ನೋದನ್ನ ಮೊದಲೇ ಹೇಳಿದರೆ ನೀವು ಕಾಗದ ಮಡಚಿ ಇಟ್ಟುಬಿಡ್ತೀರಿ, ಅದಕ್ಕೆ ನಡೆದ ಹಾಗೇ ಹೇಳ್ತೀನಿ.

ನೀವು ಸಂಕ್ರಾಂತಿ ಮುಗಿಸ್ಕೊಂಡು ಚಿಂತಾಮಣಿಗೆ ಹೋದಿರಲ್ಲ, ಅವತ್ತಿಂದ ಅವನು ಯಾರ ಮಾತಿಗೂ ಸಿಕ್ಕಲಿಲ್ಲ. ನೀವಿದ್ದಾಗ ನಿಮ್ಮ ಕುರ್ಚಿ ಕೆಳಗೆ ಬಿದ್ದಿರ್ತಿದ್ದೋನು, ಈಗ ಸೀದಾ ರಸ್ತೆಗೆ ಹೋಗಿ ಬೈಕು ಅಟ್ಟೋದೇ ಕೆಲಸ ಮಾಡ್ಕೊಂಡ. ಶಿಡ್ಲಘಟ್ಟದಿಂದ ನಮಗೆ ಚಾಕಿ ಹುಳು ತಂದುಕೊಡೋ ವಾಸಿಫ್ ಇದಾನಲ್ಲ, ಪಾಪ, ಅವನ ಮೇಲೆ ಬಿದ್ದ. ಬೈಕು ಉರುಳ್ತು, ಮೊಣಕೈ ಸುಲಿದುಹೋಯ್ತು, ಮರಿಹುಳು ಪೂರ್ತಿ ಮಣ್ಣುಪಾಲು. ಆ ಹುಡುಗ ಒಂದು ಕೆಟ್ಟ ಮಾತಾಡಲಿಲ್ಲ. "ಅಕ್ಕಾ, ಇನ್ಮೇಲೆ ನಾನು ರಸ್ತೇಲೇ ನಿಂತು ಹಾರ್ನ್ ಹೊಡೀತೀನಿ" ಅಂದ, ಅಷ್ಟೇ. ನಾಚಿಕೆಯಿಂದ ನನಗೆ ತಲೆ ಎತ್ತೋಕಾಗಲಿಲ್ಲ. ಉಳಿದೋರು ಅಷ್ಟು ಒಳ್ಳೇವರಲ್ಲ. ಇನ್ನೊಂದು ಸಲ ಯಾರನ್ನಾದರೂ ಬೀಳಿಸಿದರೆ ಅನ್ನದಲ್ಲಿ ಏನಾದರೂ ಬೆರೆಸಿ ಹಾಕ್ತೀವಿ ಅಂತ ಡೈರಿ ಹತ್ರ ಬಾಯಿ ಬಿಟ್ಟೇ ಅಂದ್ರು. ಕಟ್ಟಿಹಾಕಿ ನೋಡಿದೆ. ಸರಪಳಿ ಕಾಣದ ನಾಯಿ ಅದು, ಎಳೆದೂ ಎಳೆದೂ ಕತ್ತು ಹಸಿ ಗಾಯ ಆಯ್ತು. ಬಿಚ್ಚಿಬಿಟ್ಟೆ. ಬೇಲಿ ಇಲ್ಲದೆ ಈ ನಾಯಿ ಉಳಿಯಲ್ಲ ಅಂತ ಆವತ್ತೇ ತೀರ್ಮಾನ ಮಾಡ್ದೆ.

ನಮಗೆ ಮೂರು ಕಡೆ ಕಾಂಪೌಂಡ್ ಇದೆ. ನಾಲ್ಕನೇ ಕಡೆ ಯಾಕೆ ಬಯಲಾಗಿದೆ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಕಡೆ ನಿಮ್ಮ ಸ್ವಂತ ತಮ್ಮ, ನಮ್ಮ ಬಯ್ಯಪ್ಪ ಚಿಕ್ಕಮಾವನ ಮನೆ. ನನ್ನ ಮದುವೆಯಾದ ವರ್ಷ ಜೆಸಿಬಿ ತಂದು ನೆಲ ಸಮ ಮಾಡಿಸೋವಾಗ ಬಾಂದು ಕಲ್ಲು ಕಿತ್ತುಹೋಯ್ತು. ಎಲ್ಲೆ ಹೊಂಗೆ ಮರದಿಂದ ಆಚೆಗಿತ್ತು ಅಂತ ನೀವು, ಈಚೆಗಿತ್ತು ಅಂತ ಅವರು. ಒಂದು ಮಾರು ಅಗಲದ ಜಾಗ. ಅದಕ್ಕೆ ಮಾತು ಬಿಟ್ಟಿರಿ. ಅಲ್ಲಿ ಯಾರೂ ಒಂದು ಕಡ್ಡಿ ನೆಡಕೂಡದು, ಆ ಕಡೆ ಕಾಲಿಟ್ಟೋರು ನನ್ನ ಹೊಸ್ತಿಲು ತುಳಿಯಕೂಡದು ಅಂದಿರಿ. ಹೊಸ ಸೊಸೆ ನಾನು, ತಲೆ ಅಲ್ಲಾಡಿಸಿದೆ.

ನಿಮ್ಮ ಮಗನಿಗೆ ಹೇಳಿದೆ, ಕಂಬದಂಗೆ ಕಲ್ಲು ಕೂಚ ನೆಟ್ಟು ಜಾಲರಿ ಹಾಕ್ಸೋಣ ಅಂತ. ಅವರ ಮುಖ ಹುಳಿ ಮಜ್ಜಿಗೆ ಕುಡಿದಂಗಾಯ್ತು. ಕಾಲೇಜಲ್ಲಿ ನೂರು ಹುಡುಗರನ್ನ ಗದರಿಸ್ತಾರೆ, ಅಪ್ಪನ ಮುಂದೆ, ಚಿಕ್ಕಪ್ಪನ ಮುಂದೆ ಮಾತ್ರ ಉಸಿರಿಲ್ಲ. ಎರಡೇ ದಿನಕ್ಕೆ ಆನ್‌ಲೈನಲ್ಲಿ ಒಂದು ಡಬ್ಬ ತರಿಸಿದ್ರು. ಎಲೆಕ್ಟ್ರಾನಿಕ್ ಬೇಲಿಯಂತೆ! ಮನೆ ಸುತ್ತ ಒಂದು ಸಣ್ಣ ವೈರು ನೆಲದಲ್ಲಿ ಹೂಳೋದು, ನಾಯಿ ಕತ್ತಿಗೆ ಒಂದು ಪಟ್ಟಿ ಕಟ್ಟೋದು. ವೈರಿನ ಹತ್ರ ಬಂದರೆ ಪಟ್ಟಿ ಪೀಂ ಅನ್ನುತ್ತೆ, ಇನ್ನೂ ಮುಂದೆ ಬಂದರೆ ಚುರ್ ಅಂತ ಶಾಕ್. "ಕಣ್ಣಿಗೇ ಕಾಣಲ್ಲ ಸೌಜನ್ಯ, ಯಾರನ್ನೂ ಕೇಳೋ ಹಂಗಿಲ್ಲ, ಯಾರಿಗೂ ಹೇಳೋ ಹಂಗಿಲ್ಲ" ಅಂತ ಎಂಥ ಖುಷಿ ಅವರಿಗೆ! ನಾಯಿಗಾಗಿ ತಂದ ಬೇಲಿ ಅಲ್ಲ ಮಾವ ಅದು, ನಿಮಗೂ ಚಿಕ್ಕಮಾವನಿಗೂ ಹೆದರಿ ತಂದ ಬೇಲಿ.

ಕಟ್ಟೋಕೆ ಮುಂಚೆ ಪಟ್ಟಿ ನನ್ನ ಅಂಗೈಗೆ ಒತ್ತಿಕೊಂಡು ವೈರಿನ ಮೇಲೆ ಹೋಗಿ ನೋಡ್ದೆ. ಅಯ್ಯಪ್ಪಾ! ಸತ್ತುಹೋಗೋ ಅಂಥದ್ದೇನಲ್ಲ, ಆದರೆ ಎಲ್ಲಿಂದ ಹೊಡೀತು, ಯಾರು ಹೊಡೆದ್ರು ಅಂತಾನೇ ಗೊತ್ತಾಗಲ್ಲ. ಕೋಲು ಎತ್ತಿದರೆ ಕೋಲು ಕಾಣುತ್ತೆ, ಇದರಲ್ಲಿ ಏನು ಕಾಣುತ್ತೆ? ಬೇಡ ಅಂದೆ. ಒಂದು ವಾರ ನೋಡೇ ಅಂತ ಬೇಡ್ಕೊಂಡ್ರು. ದೊಡ್ಡ ದೊಡ್ಡ ಊರಲ್ಲಿ ಎಲ್ಲರೂ ಹಾಕಿಸ್ತಾರೆ, ನಿಧಾನಕ್ಕೆ ಕಲಿಸಿದರೆ ನಾಯಿ ಕಲಿಯುತ್ತೆ ಅಂದ್ರು. ಇರಬಹುದು, ಕಲಿಸೋಕೆ ತಾಳ್ಮೆ ಇರೋರಿಗೆ. ವಾರ ಅಂದ್ರೆ ವಾರ ಅಂತ ಒಪ್ಕೊಂಡೆ. ನಾಯಿಗೆ ಗುರುತಾಗಲಿ ಅಂತ ವೈರಿನುದ್ದಕ್ಕೂ ಪುಟ್ಟ ಪುಟ್ಟ ಬಿಳಿ ಬಾವುಟ ಚುಚ್ಚಿದ್ವಿ.

ಎಡವಟ್ಟಾಗಿದ್ದು ಅಲ್ಲೇ. ನಿಮ್ಮ ಮಗ ಡೈರಿ ಹತ್ರ ಯಾರಿಗೋ "ಎಲೆಕ್ಟ್ರಾನಿಕ್ ಬೇಲಿ" ಅಂದಿದ್ದಾರೆ, ಅದು ಎರಡು ಬಾಯಿ ದಾಟೋದ್ರೊಳಗೆ "ಕರೆಂಟ್ ಬೇಲಿ" ಆಯ್ತು. ನಮ್ಮ ಕಡೆ ಕರೆಂಟ್ ಬೇಲಿ ಅಂದ್ರೆ ಏನು, ನಿಮಗೆ ಬಿಡಿಸಿ ಹೇಳಬೇಕಾ? ಕಾಡುಹಂದಿಗೆ ಅಂತ ಹೊಲದ ಸುತ್ತ ಕಳ್ಳ ಕರೆಂಟ್ ಬಿಟ್ಟು, ಹಂದಿ ಜೊತೆ ದನ, ದನದ ಜೊತೆ ಮನುಷ್ಯರು ಸಾಯೋದು. ಮಾರನೇ ಬೆಳಿಗ್ಗೆಯಿಂದ ನಮ್ಮ ಅಂಗಳಕ್ಕೆ ಒಂದು ನರಪಿಳ್ಳೆ ಬರಲಿಲ್ಲ. ಸೊಪ್ಪು ಕೊಯ್ಯೋ ಹೆಂಗಸರು ಗೇಟಲ್ಲೇ ನಿಂತು "ಅಕ್ಕಾ, ಮೇನ್ ಆಫ್ ಮಾಡಿ" ಅಂತ ಕೂಗೋರು. ನಗಬೇಕೋ ಅಳಬೇಕೋ.

ಆಮೇಲೆ ಬಂದ್ರು ನೋಡಿ ಚಿಕ್ಕಮಾವ. ಇಷ್ಟು ವರ್ಷ ನಮ್ಮ ಕಡೆ ಮುಖ ತಿರುಗಿಸದೇ ಇದ್ದೋರು ಬಾವುಟದ ಪಕ್ಕ ಬಂದು ನಿಂತು, "ಏನಮ್ಮಾ, ನನ್ನ ಹಸು ಸಾಯಿಸೋಕಾ, ನನ್ನನ್ನ ಸಾಯಿಸೋಕಾ ಕರೆಂಟ್ ಇಟ್ಟಿರೋದು? ಅಣ್ಣಯ್ಯ ಹೇಳಿಹೋದ್ರಾ?" ಅಂತ ಕೂಗಿದ್ರು. ಧ್ವನಿ ನಡುಗ್ತಿತ್ತು ಮಾವ. ಕೋಪಕ್ಕಲ್ಲ. ಅಣ್ಣ ಇಂಥದ್ದು ಮಾಡ್ತಾನೆ ಅಂತ ನಂಬೋಕಾಗದೆ, ನಂಬದೇ ಇರೋಕೂ ಆಗದೆ. ನಾನು ಇಲ್ಲ ಚಿಕ್ಕಮಾವ, ಇದು ನಾಯಿಗೆ, ಪಟ್ಟಿ ಕಟ್ಟಿದೋರಿಗೆ ಮಾತ್ರ ಹೊಡೆಯೋದು ಅಂತ ಎಷ್ಟು ಹೇಳಿದ್ರೂ ಕಿವಿಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟರು, ಕಣ್ಣು ಮುಚ್ಚಿದರು, ಏನೋ ಗೊಣಗಿಕೊಂಡು ಬರಿಗಾಲಲ್ಲಿ ವೈರು ಹೂತಿರೋ ಜಾಗದ ಮೇಲೆ ನಿಂತೇಬಿಟ್ಟರು! ಏನೂ ಆಗಲಿಲ್ಲ, ಆಗೋದೂ ಇಲ್ಲ. ಕಣ್ಣು ಬಿಟ್ಟು ಕಾಲು ನೋಡ್ಕೊಂಡ್ರು. ಆಮೇಲೆ ನಮ್ಮ ಮನೆ ಕಡೆ ಒಂದು ಸಲ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ್ರು.

ಶುಕ್ರವಾರ ಸಾಯಂಕಾಲ ಆ ಕಡೆ ತೋಟದಲ್ಲಿ ಹಂದಿ ಕಾಣಿಸ್ತು. ಕೆಂಚ ಒಂದೇ ಓಟ. ಪಟ್ಟಿ ಪೀಂ ಅಂತು, ಚುರ್ ಅಂತು, ಕುಂಯ್ ಅಂದ, ಆದರೆ ಹಂದಿ ಮುಂದೆ ಇರೋವಾಗ ಅವನಿಗೆ ಶಾಕ್ ಎಲ್ಲಿಯ ಲೆಕ್ಕ? ದಾಟಿ ಹೋದ. ಹಂದಿ ಓಡಿಸಿ ವಾಪಸ್ ಬಂದ, ಬಾಲ ಅಲ್ಲಾಡಿಸ್ಕೊಂಡು, ದೊಡ್ಡ ಸಾಹಸ ಮಾಡಿದವನಂಗೆ. ಬಾವುಟದ ಹತ್ರ ಪೀಂ. ಹಿಂದಕ್ಕೆ ಹಾರಿದ. ಹೋಗೋವಾಗ ತಡೀಲಿಲ್ಲ ಮಾವ ಆ ಬೇಲಿ, ಮನೆಗೆ ಬರೋವಾಗ ತಡೀತು. ಹೊಂಗೆ ಮರದ ಕೆಳಗೆ ನಿಂತು ನನ್ನನ್ನೇ ನೋಡ್ಕೊಂಡು ಅಳೋಕೆ ಶುರು ಮಾಡ್ದ. ನಾನು ಒಳಗೆ ಹೋಗಿ ಸ್ವಿಚ್ ಆಫ್ ಮಾಡಿ, ಮುದ್ದೆ ತಂದು ಕರೆದೆ. ಬರಲಿಲ್ಲ. ಅವನು ಆ ಕಡೆ, ನಾನು ಈ ಕಡೆ. ಹತ್ತು ಹೆಜ್ಜೆ ಹೋದರೆ ಅವನನ್ನ ಮುಟ್ಟಬಹುದು, ನಾನೂ ಹೋಗ್ತಿಲ್ಲ. ಅವನ ಕತ್ತಲ್ಲಿ ಪಟ್ಟಿ ಇತ್ತು. ನನ್ನ ಕತ್ತಲ್ಲಿ ಏನಿತ್ತು ಹೇಳಿ? ನೀವು ಅಂದಿದ್ದ ಒಂದು ಮಾತು.

ದಾಟಿದೆ ಮಾವ. ನಿಮ್ಮ ಮುಂದೆ ಮುಚ್ಚಿಡಲ್ಲ. ಆ ಕಡೆ ಹೋಗಿ, ಅವನನ್ನ ತಬ್ಬಿಕೊಂಡು, ಪಟ್ಟಿ ಬಿಚ್ಚಿ ಬಿಸಾಕಿದೆ. ಅಲ್ಲೇ ಕೂತು ಅತ್ತೂ ಬಿಟ್ಟೆ. ಚಿಕ್ಕಮಾವ ಒಂದು ಚೊಂಬು ನೀರು ತಂದು ಪಕ್ಕದಲ್ಲಿಟ್ಟರು. "ಎದ್ದೇಳಮ್ಮ, ನೆಲ ತಣ್ಣಗಿದೆ" ಅಂದ್ರು.

ನಿನ್ನೆ ವೈರು ಪೂರ್ತಿ ಕಿತ್ತುಹಾಕಿದೆ, ಬಾವುಟ ಕಿತ್ತೆ, ಡಬ್ಬ ಸಮೇತ ನಿಮ್ಮ ಮಗನ ಟೇಬಲ್ ಮೇಲಿಟ್ಟೆ. ಆದರೂ ಕೆಂಚ ಬರ್ತಿಲ್ಲ. ರಸ್ತೆ ಸುತ್ತಿಸ್ಕೊಂಡು ಗೇಟ್‌ವರೆಗೂ ಕರ್ಕೊಂಡು ಬಂದೆ. ಅಲ್ಲೂ ವೈರು ಹಾದಿತ್ತಲ್ಲ, ನಾಲ್ಕು ಕಾಲೂ ನೆಲಕ್ಕೆ ಊರಿ ನಿಂತ. ಎತ್ತಿಕೊಂಡರೆ ನಡುಗಿ ಕೊಸರಿಕೊಂಡು ಓಡ್ತಾನೆ. ಇಲ್ಲದ ಬೇಲಿ ಅವನ ತಲೇಲಿ ಕೂತುಬಿಟ್ಟಿದೆ. ಈಗ ಚಿಕ್ಕಮಾವನ ಜಗಲಿ ಮೇಲೆ ಮಲಗ್ತಾನೆ, ಅವರ ಮನೆ ಮುದ್ದೆ ತಿಂತಾನೆ. ಎಲ್ಲಿದ್ದಾನೆ ಅಂತ ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ, ಅಲ್ಲಿದ್ದಾನೆ. ಆದರೆ ಅಲ್ಲಿಂದಲೂ ರಸ್ತೆಗೆ ದಾರಿ ಇದೆ, ಡೈರಿಯೋರು ಅಂದ ಮಾತು ನನಗೆ ಮರೆತಿಲ್ಲ. ಅವನು ಬೇಗ ಮನೆ ಸೇರಬೇಕು.

ಇದಕ್ಕೆ ಮದ್ದು ಹೇಳಿದ್ದೂ ಚಿಕ್ಕಮಾವನೇ. "ಅವನಿಗೆ ಎಲ್ಲಿ ಹೊಡೆಯುತ್ತೋ ಗೊತ್ತಿಲ್ಲ, ಅದಕ್ಕೆ ಎಲ್ಲಾ ಕಡೆ ಹೆದರ್ತಾನೆ. ಕಣ್ಣಿಗೆ ಕಾಣೋ ಬೇಲಿ ಹಾಕು, ಅದರಲ್ಲೊಂದು ಗೇಟಿಡು. ಬಾಗಿಲು ತೆಗೆದಿರೋದು ನೋಡಿದರೆ ಬರ್ತಾನೆ" ಅಂದ್ರು. ನನಗೆ ಸರಿ ಅನ್ನಿಸ್ತು. ಹುಳು ಮನೆ ಹಿಂದೆ ನಿಮ್ಮ ಹಳೇ ದ್ರಾಕ್ಷಿ ಚಪ್ಪರದ ಕಲ್ಲು ಕೂಚ ಬಿದ್ದಿವೆಯಲ್ಲ, ಮಾರಬೇಡಿ ಒಂದಿನ ಬೇಕಾಗುತ್ತೆ ಅಂತಿದ್ರಿ. ಆ ದಿನ ಬಂದಿದೆ. ಅವನ್ನೇ ನೆಡ್ತೀನಿ. ಕೂಚದಿಂದ ಕೂಚಕ್ಕೆ ಜಾಲರಿ, ಬುಡಕ್ಕೆ ಕಲ್ಲು, ನಡುವೆ ಎರಡೂ ಕಡೆಯಿಂದ ತೆಗೆಯೋ ಹಂಗೆ ಒಂದು ಗೇಟು. ನೆಡಲಾ ಅಂತ ನಾನು ಕೇಳ್ತಿಲ್ಲ ಮಾವ. ನೆಡ್ತಿದ್ದೀನಿ ಅಂತ ಹೇಳ್ತಿದ್ದೀನಿ. ನಿಮ್ಮ ಮಗನಿಗೂ ಹೀಗೇ ಹೇಳ್ದೆ. "ಅಪ್ಪ ಏನಂತಾರೋ" ಅಂದ್ರು. ಅಪ್ಪ ಅಂದಿದ್ದನ್ನ ಕೇಳಿ ಕೇಳಿ ಈಗ ನಾಯಿ ಕೂಡ ಮನೆಗೆ ಬರ್ತಿಲ್ಲ ಅಂದೆ. ಹೋಗಿ ಗುದ್ದಲಿ ತಂದ್ರು.

ಮಾತು ಜಾಸ್ತಿ ಆಯ್ತು, ನನಗೂ ಗೊತ್ತು. ನಿಮ್ಮ ಮೇಲೆ ಗೌರವ ಕಮ್ಮಿಯಾಗಿ ಬರೆದಿದ್ದಲ್ಲ. ಈ ಮನೇಲಿ ನನಗೆ ಮಾತಾಡೋ ಧೈರ್ಯ ಬಂದಿದ್ದೇ ನಿಮ್ಮಿಂದ, ಈಗ ಅದು ನಿಮ್ಮ ಕಡೆಗೇ ತಿರುಗಿದೆ, ಸಹಿಸ್ಕೊಳ್ಳಿ. ತನುಜಳಿಗೂ ಮಕ್ಕಳಿಗೂ ನನ್ನ ಪ್ರೀತಿ ಹೇಳಿ. ಕನ್ನಡಕ ತೆಗೀಬೇಡಿ, ಬಿಸಿಲು ಚುರುಗುಟ್ಟುತ್ತೆ. ನಿಮ್ಮ ಆಶೀರ್ವಾದ ನನ್ನ ಮೇಲೂ ಈ ಬೇಲಿ ಮೇಲೂ ಇರಲಿ.

ಇಂತಿ ನಿಮ್ಮ ಹಟಮಾರಿ ಸೊಸೆ,
ಸೌಜನ್ಯ

ಮರೆತಿದ್ದೆ: ವಾಸಿಫ್ ಚಿಂತಾಮಣಿಗೆ ಹೊರಟಿದ್ದಾನೆ, ಕಾಗದ ಅವನ ಕೈಲೇ ಕಳಿಸ್ತಿದ್ದೀನಿ. ಪಾಪ, ಕೆಂಚ ಇಲ್ಲ ಅಂದರೂ ನಂಬದೆ ರಸ್ತೇಲೇ ನಿಂತು ಹಾರ್ನ್ ಹೊಡೀತಿದ್ದಾನೆ. ಬೇಗ ಹೇಳ್ತೀನಿ. ಎರಡು ತುದಿಯ ಕೂಚ ನೆಟ್ಟಾಯ್ತು, ಹೊಂಗೆ ಮರದ ಹತ್ರದ್ದು ಮಾತ್ರ ಬಾಕಿ. ಎಲ್ಲಿ ನೆಡಲಿ ಅಂತ ಚಿಕ್ಕಮಾವನನ್ನ ಕೇಳ್ದೆ. "ಅಣ್ಣಯ್ಯ ಬಂದು ಕಾಲಲ್ಲಿ ಗೀರಿ ತೋರಿಸಲಿ, ಅಲ್ಲೇ ನೆಡೋಣ. ಶಿವರಾತ್ರಿವರೆಗೂ ನೋಡ್ತೀನಿ. ಬರಲಿಲ್ಲ ಅಂದ್ರೆ ಆ ಒಂದು ಮಾರು ಅಣ್ಣಯ್ಯನಿಗೇ ಬಿಟ್ಟು, ನನ್ನ ಕಡೆಗೆ ಒಳಗೆ ನೆಟ್ಕೊಳ್ತೀನಿ, ನಾಯಿ ಮನೆ ಸೇರಲಿ" ಅಂದ್ರು. ತಮ್ಮ ಬಿಟ್ಟುಕೊಟ್ಟ ಜಾಗದಲ್ಲಿ ಕುರ್ಚಿ ಹಾಕ್ಕೊಂಡು ಕೂರೋ ಮನುಷ್ಯ ನೀವಲ್ಲ ಅಂತ ನನಗೆ ಗೊತ್ತು. ಶಿವರಾತ್ರಿ ಬುಧವಾರ, ಅದರೊಳಗೆ ಬನ್ನಿ. ಬಸ್ಸಿಳಿದು ನಮ್ಮ ಗೇಟಿಗೆ ಬರಬೇಡಿ ಮಾವ, ಚಿಕ್ಕಮಾವನ ಅಂಗಳದ ಮೇಲೆ ನಡ್ಕೊಂಡು ಬನ್ನಿ. ನೀವು ದಾಟಿದರೆ ಕೆಂಚ ನಿಮ್ಮ ಹಿಂದೇನೇ ದಾಟ್ತಾನೆ.